ತಾಪದ ಏರಿಕೆ ಲೆಕ್ಕಕ್ಕೆ ಹೊಂದದಿದ್ದಾಗ: ಶಾಲಾ ಪ್ರಯೋಗಾಲಯಕ್ಕೆ ಒಂದು ದೋಷ ನಿವಾರಣೆ ಕೈಪಿಡಿ

ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ರಸಾಯನಶಾಸ್ತ್ರ ಪ್ರಯೋಗಗಳಲ್ಲಿ ಉಷ್ಣಕ್ಕೆ ಸಂಬಂಧಿಸಿದವು ನೋಡಲು ಬಹಳ ಸುಲಭ, ಕೈಕೊಡುವುದರಲ್ಲೂ ಮುಂದು. ಎರಡು ದ್ರಾವಣಗಳನ್ನು ಬೆರೆಸಿ ಥರ್ಮಾಮೀಟರ್ ನೋಡಿ ಒಂದು ಗುಣಾಕಾರ, ಒಂದು ಭಾಗಾಕಾರ ಮಾಡಿದರೆ ಮುಗಿಯಿತು ಎನಿಸುತ್ತದೆ. ಆದರೆ ಪ್ರಬಲ ಆಮ್ಲ ಮತ್ತು ಪ್ರಬಲ ಪ್ರತ್ಯಾಮ್ಲಗಳ ತಟಸ್ಥೀಕರಣಕ್ಕೆ ಪಠ್ಯಪುಸ್ತಕ ಹೇಳುವ ಮೌಲ್ಯ ಮೋಲ್‌ಗೆ ಸುಮಾರು 57 ಕಿಲೋಜೌಲ್ ಇರುವಾಗ, ಒಂದೇ ತರಗತಿಯ ಒಂದು ಗುಂಪಿಗೆ 42, ಇನ್ನೊಂದಕ್ಕೆ 28, ಮತ್ತೊಂದಕ್ಕೆ 70 ಬರುವುದು ಅಪರೂಪವಲ್ಲ. ಆಗ ದೂರೆಲ್ಲ ಬೀಳುವುದು ಸೀಸೆಯ ಮೇಲೆ: ಆಸಿಡ್ ಹಳೆಯದು, ಸೋಡಾ ಸರಿಯಿಲ್ಲ. ಕೆಲವೊಮ್ಮೆ ಅದು ನಿಜವೇ ಆಗಿರುತ್ತದೆ. ಆದರೆ ಹೆಚ್ಚಿನ ಸಲ ಕ್ರಿಯೆ ಸರಿಯಾಗಿಯೇ ನಡೆದು, ಹೊರಬಂದ ಉಷ್ಣ ಥರ್ಮಾಮೀಟರಿಗೆ ತಲುಪುವ ದಾರಿಯಲ್ಲಿ ಎಲ್ಲೋ ಸೋರಿಹೋಗಿರುತ್ತದೆ.

ಎಲ್ಲಿ ಸೋರಿತು ಎಂಬುದನ್ನು ಅಂತಿಮ ಉತ್ತರ ನೋಡಿ ಹೇಳಲಾಗದು. ಅದನ್ನು ಹೇಳುವುದು ಅರ್ಧ ನಿಮಿಷಕ್ಕೊಮ್ಮೆ ಬರೆದಿಟ್ಟ ತಾಪದ ಪಟ್ಟಿ. ಮೊದಲಿನ ತಾಪ ಮತ್ತು ಗರಿಷ್ಠ ತಾಪ ಎಂಬ ಎರಡೇ ಸಂಖ್ಯೆಗಳನ್ನು ಬರೆದುಕೊಂಡ ಪ್ರಯೋಗದಲ್ಲಿ ದೋಷ ಹುಡುಕಲು ಕೂರುವುದು ವ್ಯರ್ಥ. ಅಂಥಲ್ಲಿ ಮೊದಲು ಪಟ್ಟಿ ಇಟ್ಟುಕೊಂಡು ಪ್ರಯೋಗವನ್ನು ಮತ್ತೊಮ್ಮೆ ಮಾಡಬೇಕು, ಆಮೇಲೆ ಮುಂದಿನದನ್ನು ಓದಬೇಕು.

ಎಷ್ಟು ಏರಬೇಕಿತ್ತು?

ಏರಿಕೆ ಕಡಿಮೆ ಬಂತು ಎನ್ನುವ ಮೊದಲು ಎಷ್ಟು ಬರಬೇಕಿತ್ತು ಎಂಬ ಲೆಕ್ಕ ಕೈಯಲ್ಲಿರಬೇಕು. 1 ಮೋಲಾರ್ (ಲೀಟರಿಗೆ ಒಂದು ಮೋಲ್ ಇರುವ) ಹೈಡ್ರೋಕ್ಲೋರಿಕ್ ಆಮ್ಲ 50 ಮಿಲಿಲೀಟರ್ ಮತ್ತು 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ 50 ಮಿಲಿಲೀಟರ್ ಬೆರೆಸಿದಾಗ 0.05 ಮೋಲ್ ನೀರು ಉಂಟಾಗಿ ಸುಮಾರು 2850 ಜೌಲ್ ಉಷ್ಣ ಬಿಡುಗಡೆಯಾಗುತ್ತದೆ. 100 ಗ್ರಾಂ ದ್ರಾವಣದ ವಿಶಿಷ್ಟೋಷ್ಣವನ್ನು ನೀರಿನದೇ, ಅಂದರೆ ಒಂದು ಗ್ರಾಂ ಒಂದು ಡಿಗ್ರಿ ಬಿಸಿಯಾಗಲು 4.18 ಜೌಲ್ ಎಂದು ಹಿಡಿದರೆ ತಾಪ 6.8 ಡಿಗ್ರಿ ಏರಬೇಕು.

ಈ ಲೆಕ್ಕ ಮಾಡಿ ನೋಡಿದರೆ ಹಲವು ದೂರುಗಳು ಅಲ್ಲಿಯೇ ತೀರಿಹೋಗುತ್ತವೆ. ಅನುಮಾಪನಕ್ಕೆಂದು (ಟೈಟ್ರೇಷನ್‌ಗೆಂದು) ತಯಾರಿಸಿ ಉಳಿದಿದ್ದ 0.1 ಮೋಲಾರ್ ದ್ರಾವಣಗಳನ್ನೇ ಈ ಪ್ರಯೋಗಕ್ಕೂ ಕೊಡುವ ರೂಢಿ ಅನೇಕ ಕಡೆ ಇದೆ. ಆಗ ಏರಿಕೆ ಕೇವಲ 0.7 ಡಿಗ್ರಿ, ಒಂದೊಂದು ಡಿಗ್ರಿಗೆ ಗೆರೆಯಿರುವ ಥರ್ಮಾಮೀಟರಿನಲ್ಲಿ ಅದು ಕಾಣದಿದ್ದರೆ ಯಾರ ತಪ್ಪೂ ಅಲ್ಲ. ಬಿಸಿ ಸಾಲದು ಎಂದು 50ರ ಬದಲು 100 ಮಿಲಿಲೀಟರ್ ಸುರಿದರೂ ಪ್ರಯೋಜನವಿಲ್ಲ, ಏಕೆಂದರೆ ಉಷ್ಣ ಇಮ್ಮಡಿಯಾದಂತೆ ಬಿಸಿಯಾಗಬೇಕಾದ ನೀರೂ ಇಮ್ಮಡಿಯಾಗುತ್ತದೆ. ಏರಿಕೆಯನ್ನು ನಿರ್ಧರಿಸುವುದು ದ್ರಾವಣದ ಪ್ರಬಲತೆಯೇ ಹೊರತು ಅದರ ಗಾತ್ರವಲ್ಲ. 2 ಮೋಲಾರ್ ದ್ರಾವಣಗಳಿಂದ ಸುಮಾರು 13.6 ಡಿಗ್ರಿ ಏರಿಕೆ ಸಿಗುತ್ತದೆ, ಓದುವುದೂ ಸುಲಭ. ಆದರೆ ಅಷ್ಟು ಪ್ರಬಲವಾದ ಸೋಡಿಯಂ ಹೈಡ್ರಾಕ್ಸೈಡ್ ಕಣ್ಣಿಗೆ ಬಿದ್ದರೆ ಅನಾಹುತವಾಗುವುದರಿಂದ ಸುರಕ್ಷತಾ ಕನ್ನಡಕವಿಲ್ಲದೆ ಅದನ್ನು ಮಕ್ಕಳ ಕೈಗೆ ಕೊಡಕೂಡದು.

ಥರ್ಮಾಮೀಟರನ್ನು ಮೊದಲು ಅನುಮಾನಿಸಿ

ಚೆನ್ನಾಗಿ ಪುಡಿ ಮಾಡಿದ ಮಂಜುಗಡ್ಡೆಗೆ ಸ್ವಲ್ಪ ಶುದ್ಧ ನೀರು ಸೇರಿಸಿ, ಬುರುಡೆ ಪೂರ್ತಿ ಮುಳುಗುವಂತೆ ಥರ್ಮಾಮೀಟರನ್ನು ಐದು ನಿಮಿಷ ಇಟ್ಟರೆ ಅದು 0 ಡಿಗ್ರಿ ತೋರಿಸಬೇಕು. ಒಂದು ಡಿಗ್ರಿ ಹೆಚ್ಚು ಅಥವಾ ಕಡಿಮೆ ತೋರಿಸಿದರೂ ಅದನ್ನು ಎಸೆಯಬೇಕಾಗಿಲ್ಲ. ನಮಗೆ ಬೇಕಾದದ್ದು ಎರಡು ತಾಪಗಳ ವ್ಯತ್ಯಾಸವಾದ್ದರಿಂದ, ಒಂದೇ ಥರ್ಮಾಮೀಟರನ್ನು ಆರಂಭದಿಂದ ಕೊನೆಯವರೆಗೂ ಬಳಸಿದರೆ ಆ ಒಂದು ಡಿಗ್ರಿ ತಾನಾಗಿ ಕಳೆದುಹೋಗುತ್ತದೆ. ಆಮ್ಲದ ತಾಪವನ್ನು ಒಂದರಿಂದ, ಪ್ರತ್ಯಾಮ್ಲದ ತಾಪವನ್ನು ಇನ್ನೊಂದರಿಂದ ಅಳೆಯುವ ಗುಂಪುಗಳಿಗೆ ಮಾತ್ರ ಈ ರಿಯಾಯಿತಿ ಸಿಗದು. ಕುದಿಯುವ ನೀರಿನ ಪರೀಕ್ಷೆಯಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ ಅದಕ್ಕಿಂತ ತುಸು ಮೊದಲೇ. ಮಂಗಳೂರಿನಲ್ಲಿ ಮಾತ್ರ ಪುಸ್ತಕದ 100ರ ಹತ್ತಿರ ಬರುತ್ತದೆ. ಬೆಂಗಳೂರಿನಲ್ಲಿ 97 ತೋರಿಸಿದ ಥರ್ಮಾಮೀಟರನ್ನು ಕೆಟ್ಟದ್ದೆಂದು ಪಕ್ಕಕ್ಕಿಟ್ಟರೆ ಒಳ್ಳೆಯದೊಂದನ್ನು ಕಳೆದುಕೊಂಡಂತೆ.

ರೀಡಿಂಗ್ ಹಲವು ಡಿಗ್ರಿ ತಪ್ಪಾಗಿದ್ದರೆ ಕೊಳವೆಯೊಳಗಿನ ದ್ರವದ ಗೆರೆ ತುಂಡಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಕೆಂಪು ಆಲ್ಕೋಹಾಲ್ ಥರ್ಮಾಮೀಟರುಗಳನ್ನು ಮಲಗಿಸಿ ಇಟ್ಟಾಗ ಇದು ಹೆಚ್ಚು. ಬುರುಡೆಯನ್ನು ಉಪ್ಪು ಬೆರೆಸಿದ ಮಂಜುಗಡ್ಡೆಯಲ್ಲಿ ಮುಳುಗಿಸಿದರೆ ದ್ರವವೆಲ್ಲ ಕೆಳಗೆ ಸರಿದು ತುಂಡುಗಳು ಮತ್ತೆ ಕೂಡಿಕೊಳ್ಳುವುದುಂಟು. ಜ್ವರ ನೋಡುವ ಥರ್ಮಾಮೀಟರ್ ಈ ಕೆಲಸಕ್ಕೆ ಬರುವುದಿಲ್ಲ, ಅದರ ವ್ಯಾಪ್ತಿಯೇ 35ರಿಂದ 42 ಡಿಗ್ರಿ. ಕೋವಿಡ್ ಕಾಲದಲ್ಲಿ ಶಾಲೆಗಳಿಗೆ ಬಂದ, ಹಣೆಗೆ ಹಿಡಿಯುವ ಇನ್ಫ್ರಾರೆಡ್ ಉಪಕರಣವೂ ಬೇಡ. ಅದು ನೋಡುವುದು ಹೊರಮೈಯನ್ನು, ಲೋಟದ ಒಳಗಿನ ದ್ರಾವಣವನ್ನಲ್ಲ.

ಬೇಸಗೆಯಲ್ಲಿ, ಅದರಲ್ಲೂ ಕಲಬುರಗಿ, ರಾಯಚೂರಿನಂಥ ಒಣಹವೆಯ ಊರುಗಳಲ್ಲಿ ಒಂದು ವಿಚಿತ್ರ ದೋಷ ಕಾಣಿಸಿಕೊಳ್ಳುತ್ತದೆ. ತೊಳೆದ ಥರ್ಮಾಮೀಟರನ್ನು ಒರೆಸದೆ ಕೈಯಲ್ಲಿ ಹಿಡಿದುಕೊಂಡು ಅದನ್ನೇ ಕೊಠಡಿಯ ತಾಪವೆಂದು ಬರೆದುಕೊಂಡರೆ, ಬುರುಡೆಯ ಮೇಲಿನ ನೀರು ಆವಿಯಾಗುತ್ತಾ ಅದನ್ನು ತಂಪು ಮಾಡುವುದರಿಂದ ರೀಡಿಂಗ್ ಹಲವು ಡಿಗ್ರಿ ಕೆಳಗಿರುತ್ತದೆ, ಏರಿಕೆ ಅಷ್ಟೇ ಹೆಚ್ಚಾಗಿ ತೋರುತ್ತದೆ. ಆರಂಭದ ತಾಪವನ್ನು ಗಾಳಿಯಲ್ಲಿ ಅಳೆಯಲೇಬಾರದು. ದ್ರಾವಣದಲ್ಲಿಯೇ, ಫ್ಯಾನ್ ಆರಿಸಿ, ಮೂರು ನಿಮಿಷ ಸತತವಾಗಿ ಅಳೆಯಬೇಕು. ಎರಡು ದ್ರಾವಣಗಳ ತಾಪ ಬೇರೆಬೇರೆಯಾಗಿದ್ದು ಗಾತ್ರ ಸಮವಾಗಿದ್ದರೆ ಸರಾಸರಿ ತೆಗೆದುಕೊಳ್ಳಬೇಕು. ಆಮ್ಲ 26, ಪ್ರತ್ಯಾಮ್ಲ 27 ಇದ್ದಾಗ ಆಮ್ಲದ್ದನ್ನೇ ಆರಂಭವೆಂದು ಹಿಡಿದರೆ ಅರ್ಧ ಡಿಗ್ರಿ, ಅಂದರೆ ಉತ್ತರದಲ್ಲಿ ಸುಮಾರು ಶೇ 7ರಷ್ಟು ತಪ್ಪು ಸೇರಿಕೊಳ್ಳುತ್ತದೆ.

ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ ಆರ್ಡುಯಿನೋ ಎಂಬ, ಪ್ರೋಗ್ರಾಂ ಹಾಕಬಹುದಾದ ಪುಟ್ಟ ಸರ್ಕ್ಯೂಟ್ ಬೋರ್ಡಿಗೆ ಡಿಎಸ್18ಬಿ20 ಎಂಬ ತಾಪದ ಸೆನ್ಸರ್ ಜೋಡಿಸಿ ತಾಪ ಅಳೆಯುವುದುಂಟು. ಪಟ್ಟಿ ತಾನಾಗಿ ತಯಾರಾಗುವುದರಿಂದ ಇದು ಒಳ್ಳೆಯ ವ್ಯವಸ್ಥೆ, ಆದರೆ ಇದರ ದೋಷಗಳು ಬೇರೆ. ಪರದೆಯ ಮೇಲೆ 85 ಡಿಗ್ರಿ ಎಂದು ಬಂದರೆ ದ್ರಾವಣ ಕುದಿಯುತ್ತಿದೆ ಎಂದಲ್ಲ. ವಿದ್ಯುತ್ ಕೊಟ್ಟ ಕೂಡಲೇ ಸೆನ್ಸರ್ ತನ್ನೊಳಗೆ ಇಟ್ಟುಕೊಂಡಿರುವ ಸಂಖ್ಯೆ ಅದು, ಮೊದಲ ಅಳತೆ ಮುಗಿಯುವ ಮುನ್ನವೇ ನಿಮ್ಮ ಪ್ರೋಗ್ರಾಂ ಓದಿಬಿಟ್ಟಿದೆ ಎಂದರ್ಥ. ಸೂಕ್ಷ್ಮ ಅಳತೆಗೆ ಅದಕ್ಕೆ ಮುಕ್ಕಾಲು ಸೆಕೆಂಡ್ ಬೇಕು. ಮೈನಸ್ 127 ಬಂದರೆ ತಂತಿ ಬಿಟ್ಟುಹೋಗಿದೆ ಅಥವಾ ಡೇಟಾ ತಂತಿಗೆ ಹಾಕಬೇಕಾದ 4.7 ಕಿಲೋ ಓಮ್ ರೋಧಕವನ್ನು ಮರೆತಿದ್ದೀರಿ. ದಶಮಾಂಶದ ನಾಲ್ಕು ಅಂಕಿ ತೋರಿಸಿದ ಮಾತ್ರಕ್ಕೆ ನಂಬಬೇಕಾಗಿಲ್ಲ, ಅದರ ನಿಖರತೆ ಅರ್ಧ ಡಿಗ್ರಿ ಆಚೀಚೆ ಮಾತ್ರ. ಸ್ಟೀಲ್ ಕವಚದೊಳಗಿನ ಸೆನ್ಸರ್ ನಿಧಾನವಾಗಿ ಬಿಸಿಯಾಗುವುದರಿಂದ ಗರಿಷ್ಠ ತಾಪ ತಡವಾಗಿ, ತುಸು ಕಡಿಮೆಯಾಗಿ ಕಾಣುತ್ತದೆ. ಇದಕ್ಕೆ ಪರಿಹಾರ ಮುಂದೆ ಹೇಳಲಿರುವ ಗ್ರಾಫಿನಲ್ಲಿದೆ. ಇದರ ಬದಲು ಎಲ್‌ಎಂ35 ಎಂಬ ಇನ್ನೊಂದು ಸೆನ್ಸರ್ ಬಳಸಿದರೆ ಸಾಮಾನ್ಯ ಆರ್ಡುಯಿನೋದಲ್ಲಿ ರೀಡಿಂಗ್ ಅರ್ಧರ್ಧ ಡಿಗ್ರಿಯ ಮೆಟ್ಟಿಲಲ್ಲಿ ಜಿಗಿಯುತ್ತದೆ, 6.8 ಡಿಗ್ರಿಯ ಏರಿಕೆಗೆ ಅದು ಒರಟಾಯಿತು.

ಪಾತ್ರೆ ಎಷ್ಟು ಉಷ್ಣವನ್ನು ನುಂಗುತ್ತದೆ?

ಪಟ್ಟಿಯಲ್ಲಿ ತಾಪ ಬೇಗನೆ ಏರಿ, ನಿರೀಕ್ಷೆಗಿಂತ ಕೆಳಗೇ ನಿಂತು, ಆಮೇಲೆ ನಿಧಾನವಾಗಿ ಇಳಿದಿದ್ದರೆ ಅನುಮಾನ ಪಾತ್ರೆಯ ಮೇಲೆ ಹೋಗಬೇಕು. ಇದನ್ನು ರಾಸಾಯನಿಕ ಮುಟ್ಟದೆ, ಬರಿಯ ನೀರಿನಿಂದಲೇ ಪರೀಕ್ಷಿಸಬಹುದು. ಪಾತ್ರೆಯಲ್ಲಿ 27 ಡಿಗ್ರಿಯ 50 ಮಿಲಿಲೀಟರ್ ನೀರಿರಲಿ. ಅದಕ್ಕೆ 47 ಡಿಗ್ರಿಯ 50 ಮಿಲಿಲೀಟರ್ ನೀರು ಸುರಿದು ಕಲಕಿದರೆ, ಪಾತ್ರೆ ಏನನ್ನೂ ತೆಗೆದುಕೊಳ್ಳದಿದ್ದಲ್ಲಿ ತಾಪ 37 ಆಗಬೇಕು. ಗಾಜಿನ ಬೀಕರಿನಲ್ಲಿ ಅದು 36 ಬಂತೆಂದು ಇಟ್ಟುಕೊಳ್ಳೋಣ. ಬಿಸಿನೀರು 11 ಡಿಗ್ರಿ ಇಳಿದು ಕೊಟ್ಟದ್ದು 2299 ಜೌಲ್, ತಣ್ಣೀರು 9 ಡಿಗ್ರಿ ಏರಿ ಪಡೆದದ್ದು 1881 ಜೌಲ್. ಉಳಿದ 418 ಜೌಲ್ ಗಾಜಿಗೆ ಹೋಯಿತು, ಅಂದರೆ ಡಿಗ್ರಿಗೆ ಸುಮಾರು 46 ಜೌಲ್. ಇದೇ ಬೀಕರಿನಲ್ಲಿ ತಟಸ್ಥೀಕರಣ ಮಾಡಿದರೆ 6.8ರ ಬದಲು 6.1 ಡಿಗ್ರಿ ಮಾತ್ರ ಏರುತ್ತದೆ. ಪದವಿಪೂರ್ವ ತರಗತಿಯ ಪ್ರಾಯೋಗಿಕ ಪಠ್ಯದಲ್ಲಿ ಕ್ಯಾಲೊರಿಮೀಟರ್ (ಉಷ್ಣ ಅಳೆಯುವ ಪಾತ್ರೆ) ಸ್ಥಿರಾಂಕ ಎಂಬ ಹೆಸರಿನಲ್ಲಿ ಇರುವುದು ಈ ಪರೀಕ್ಷೆಯೇ. ಸಮಯವಿಲ್ಲವೆಂದು ಇದನ್ನು ಬಿಟ್ಟು ನೇರವಾಗಿ ಆಮ್ಲಕ್ಕೆ ಕೈಹಾಕುವುದು, ನನ್ನ ದೃಷ್ಟಿಯಲ್ಲಿ, ಈ ಪ್ರಯೋಗಕ್ಕೆ ಮಾಡುವ ಅತಿ ದೊಡ್ಡ ಅನ್ಯಾಯ.

ಪಾತ್ರೆ ಹಗುರವಾದಷ್ಟೂ ಒಳ್ಳೆಯದು. ಥರ್ಮಕೋಲ್ ಲೋಟ ಈ ಕೆಲಸಕ್ಕೆ ಹೇಳಿಮಾಡಿಸಿದಂತಿತ್ತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಮೇಲೆ ದೇಶದಲ್ಲಿ ನಿಷೇಧ ಬಂದ ಮೇಲೆ ಅದನ್ನು ಹುಡುಕುತ್ತ ಹೋಗಬೇಕಾಗಿಲ್ಲ. ಟೀ ಅಂಗಡಿಯ ಎರಡು ಕಾಗದದ ಲೋಟಗಳನ್ನು ಒಂದರೊಳಗೊಂದು ಇಟ್ಟು, ಬೀಳದಂತೆ ಬೀಕರಿನೊಳಗೆ ನಿಲ್ಲಿಸಿ, ಸುತ್ತ ಹತ್ತಿ ತುಂಬಿ, ಥರ್ಮಾಮೀಟರ್ ಮತ್ತು ಕಲಕುವ ಕಡ್ಡಿಗೆ ತೂತು ಮಾಡಿದ ರಟ್ಟಿನ ಮುಚ್ಚಳ ಹಾಕಿದರೆ ನೀರಿನ ಪರೀಕ್ಷೆಯಲ್ಲಿ ತಾಪ 37ಕ್ಕೆ ಬಹಳ ಹತ್ತಿರ ಬರುತ್ತದೆ. ಸ್ಟೀಲ್ ಲೋಟ ಬೇಡ.

ಭೌತಶಾಸ್ತ್ರ ವಿಭಾಗದಿಂದ ಎರವಲು ತಂದ ಕ್ಯಾಲೊರಿಮೀಟರ್ ಅಲ್ಯೂಮಿನಿಯಂನದಾಗಿದ್ದರೆ ದೋಷದ ಸ್ವರೂಪವೇ ಬದಲಾಗುತ್ತದೆ. ಅಲ್ಯೂಮಿನಿಯಂ ಹೈಡ್ರೋಕ್ಲೋರಿಕ್ ಆಮ್ಲದೊಂದಿಗೂ ಸೋಡಿಯಂ ಹೈಡ್ರಾಕ್ಸೈಡಿನೊಂದಿಗೂ ವರ್ತಿಸಿ ಹೈಡ್ರೋಜನ್ ಬಿಡುತ್ತದೆ, ಎರಡೂ ಸಲ ತನ್ನದೇ ಉಷ್ಣವನ್ನು ಸೇರಿಸುತ್ತದೆ. ಬೆರೆಸುವ ಮುಂಚಿನ ಮೂರು ನಿಮಿಷಗಳಲ್ಲೇ ತಾಪ ಏರತೊಡಗಿದ್ದರೆ, ಪಾತ್ರೆಯ ಗೋಡೆಯಲ್ಲಿ ಸಣ್ಣ ಗುಳ್ಳೆಗಳಿದ್ದರೆ, ಪ್ರಯೋಗ ನಿಲ್ಲಿಸಿ ಪಾತ್ರೆಯನ್ನು ತೊಳೆದು ಹಿಂದಿರುಗಿಸಬೇಕು.

ನಿಧಾನವಾದ ಕ್ರಿಯೆಗಳು ಮತ್ತು ಗ್ರಾಫ್

ತಟಸ್ಥೀಕರಣ ಕ್ಷಣದಲ್ಲಿ ಮುಗಿಯುತ್ತದೆ. ಸತು ಮತ್ತು ತಾಮ್ರದ ಸಲ್ಫೇಟಿನ, ಅಂದರೆ ಮೈಲುತುತ್ತದ ಕ್ರಿಯೆ ಹಾಗಲ್ಲ, ಮುಗಿಯಲು ಹಲವು ನಿಮಿಷ ಬೇಕು. ಅಷ್ಟರಲ್ಲಿ ಲೋಟ ತಣಿಯಲು ಆರಂಭಿಸಿರುವುದರಿಂದ ಕಂಡ ಗರಿಷ್ಠ ತಾಪ ನಿಜವಾದ ಗರಿಷ್ಠವಲ್ಲ. 0.2 ಮೋಲಾರ್ ಮೈಲುತುತ್ತದ ದ್ರಾವಣ 50 ಮಿಲಿಲೀಟರಿಗೆ ಹೆಚ್ಚುವರಿ ಸತುವಿನ ಪುಡಿ ಹಾಕಿದಾಗ, ಮೋಲ್‌ಗೆ ಸುಮಾರು 217 ಕಿಲೋಜೌಲ್‌ನಂತೆ, 10.4 ಡಿಗ್ರಿ ಏರಬೇಕು. ಉದಾಹರಣೆಗೆ, ಮೂರನೆಯ ನಿಮಿಷದವರೆಗೆ ತಾಪ 26.0 ಇದ್ದು, ಆಗ ಸತು ಹಾಕಿದ ಮೇಲೆ ನಾಲ್ಕನೆಯ ನಿಮಿಷಕ್ಕೆ 33.5, ಐದಕ್ಕೆ 35.0, ಆರಕ್ಕೆ 35.1, ಏಳಕ್ಕೆ 34.8, ಎಂಟಕ್ಕೆ 34.5, ಒಂಬತ್ತಕ್ಕೆ 34.2 ಎಂದು ಪಟ್ಟಿ ಬಂತೆನ್ನಿ. ಗರಿಷ್ಠ ನೋಡಿದರೆ ಏರಿಕೆ 9.1. ಆದರೆ ಏಳನೆಯ ನಿಮಿಷದಿಂದ ತಾಪ ನಿಮಿಷಕ್ಕೆ 0.3ರಂತೆ ಇಳಿಯುತ್ತಿದೆ, ಆ ಇಳಿಜಾರಿನ ಗೆರೆಯನ್ನು ಅಡಿಪಟ್ಟಿ ಇಟ್ಟು ಹಿಂದಕ್ಕೆ, ಸತು ಹಾಕಿದ ಮೂರನೆಯ ನಿಮಿಷದವರೆಗೆ ಎಳೆದರೆ 36.0 ಸಿಗುತ್ತದೆ. ಏರಿಕೆ 10.0. ಕಳೆದುಹೋಗಿದ್ದ ಸುಮಾರು ಒಂದು ಡಿಗ್ರಿಯನ್ನು ಯಾವ ಹೊಸ ಉಪಕರಣವೂ ಇಲ್ಲದೆ ಗ್ರಾಫ್ ಹಾಳೆಯೇ ತಂದುಕೊಟ್ಟಿತು.

ಏರುವುದೇ ಹತ್ತು ನಿಮಿಷ ಹಿಡಿದರೆ ಗ್ರಾಫ್ ಕೂಡ ಕಾಪಾಡುವುದಿಲ್ಲ. ಅಲ್ಲಿ ದೋಷ ಸತುವಿನದು: ಪುಡಿಯ ಬದಲು ಹರಳು ಹಾಕಿದ್ದೀರಿ, ಅದರ ಮೈಮೇಲೆ ತಾಮ್ರ ಕೂತು ಒಳಗಿನ ಸತುವಿಗೆ ದ್ರಾವಣ ತಲುಪುತ್ತಿಲ್ಲ, ಇಲ್ಲವೇ ಯಾರೂ ಕಲಕುತ್ತಿಲ್ಲ. ಕೊನೆಯಲ್ಲಿ ದ್ರಾವಣ ಇನ್ನೂ ನೀಲಿಯಾಗಿದ್ದರೆ ಕ್ರಿಯೆ ಮುಗಿದಿಲ್ಲವೆಂದೇ ತಿಳಿಯಬೇಕು. ಕಲಕಲು ಥರ್ಮಾಮೀಟರನ್ನೇ ಬಳಸಿದರೆ ಇಂದಲ್ಲ ನಾಳೆ ಬುರುಡೆ ಒಡೆಯುತ್ತದೆ.

ಸೀಸೆಯ ಸರದಿ

ಇಷ್ಟೆಲ್ಲ ಸರಿಯಿದ್ದೂ ಏರಿಕೆ ಅರ್ಧದಷ್ಟೇ ಬಂದರೆ ರಾಸಾಯನಿಕವನ್ನು ಅನುಮಾನಿಸಲು ಅಡ್ಡಿಯಿಲ್ಲ. ಬೆರೆಸಿದ ದ್ರಾವಣಕ್ಕೆ ಪ್ರತ್ಯಾಮ್ಲದಲ್ಲಿ ಗುಲಾಬಿ ಬಣ್ಣ ಕೊಡುವ ಫಿನಾಫ್ತಲೀನ್ ಒಂದು ಹನಿ ಹಾಕಿ ನೋಡಿ, ಜೊತೆಗೆ ನೀಲಿ ಲಿಟ್ಮಸ್ ಅದ್ದಿ. ಬಣ್ಣ ಬರದೆ ನೀಲಿ ಲಿಟ್ಮಸ್ ಚೆನ್ನಾಗಿ ಕೆಂಪಾದರೆ ಆಮ್ಲ ಉಳಿದಿದೆ, ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಹೇಳಿದ್ದಕ್ಕಿಂತ ತೆಳುವಾಗಿತ್ತು ಎಂದರ್ಥ. ಅದರ ಬಿಲ್ಲೆಗಳು ಗಾಳಿಯಿಂದ ನೀರನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೀರಿಕೊಳ್ಳುವುದರಿಂದ, ಮಳೆಗಾಲದಲ್ಲಿ ತೆರೆದಿಟ್ಟ ಡಬ್ಬಿಯಿಂದ ತೂಗಿದ 40 ಗ್ರಾಂ ನಿಜವಾಗಿ 40 ಗ್ರಾಂ ಆಗಿರುವುದಿಲ್ಲ. ಆಮ್ಲ ಹಾಕಿದಾಗ ಗುಳ್ಳೆ ಬಂದರೆ ಅದರಲ್ಲಿ ಕಾರ್ಬೊನೇಟ್ ಸೇರಿದೆ. ಸುಲಭ ಪರಿಹಾರವೆಂದರೆ ಪ್ರತ್ಯಾಮ್ಲವನ್ನು 1.1 ಮೋಲಾರ್ ಆಗಿ ತಯಾರಿಸಿ, ಅದು ತುಸು ಹೆಚ್ಚಾಗಿಯೇ ಉಳಿಯುವಂತೆ ಮಾಡುವುದು. ಆಗ ಆಮ್ಲದ ಪ್ರಬಲತೆ ಒಂದನ್ನು ಸರಿಯಾಗಿ ತಿಳಿದಿದ್ದರೆ ಸಾಕು. ಏರಿಕೆ ನಿರೀಕ್ಷೆಗಿಂತ ಹೆಚ್ಚು ಬಂದ ಗುಂಪನ್ನು ದ್ರಾವಣ ಯಾವಾಗ ತಯಾರಿಸಿದಿರಿ ಎಂದು ಕೇಳಬೇಕು. ಸೋಡಿಯಂ ಹೈಡ್ರಾಕ್ಸೈಡ್ ನೀರಿನಲ್ಲಿ ಕರಗುವಾಗಲೇ ಮೋಲ್‌ಗೆ ಸುಮಾರು 44 ಕಿಲೋಜೌಲ್ ಬಿಡುತ್ತದೆ, ಆಗಷ್ಟೇ ಕರಗಿಸಿದ್ದು ತಣಿದಿರುವುದಿಲ್ಲ.

ಮೈಲುತುತ್ತದ ತಪ್ಪು ಹೆಚ್ಚಾಗಿ ತಕ್ಕಡಿಯಲ್ಲಿ ನಡೆಯುತ್ತದೆ. ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ತರುವ ನೀಲಿ ಹರಳುಗಳನ್ನೇ ಶಾಲೆಗೂ ತರುವುದಿದೆ. ಕಲಿಕೆಗೆ ಅದು ಸಾಕು, ಆದರೆ ಅದರಲ್ಲಿ ಐದು ಅಣು ನೀರು ಸೇರಿರುವುದರಿಂದ ಮೋಲ್‌ಗೆ 249.5 ಗ್ರಾಂ ಹಿಡಿಯಬೇಕು. ನಿರ್ಜಲ ಲವಣದ 159.5 ಹಿಡಿದು ತೂಗಿದರೆ ದ್ರಾವಣದ ಪ್ರಬಲತೆ ಮೂರರಲ್ಲೆರಡು ಭಾಗಕ್ಕಿಂತಲೂ ಕಡಿಮೆಯಾಗಿ, ಏರಿಕೆಯೂ ಅಷ್ಟೇ ಕುಗ್ಗುತ್ತದೆ. ನಿರ್ಜಲ ಲವಣವನ್ನೇ ಕರಗಿಸುವ ಪ್ರಯೋಗವಾದರೆ ಬಣ್ಣ ನೋಡಬೇಕು: ಬಿಳಿಯದು ಕರಗಿದರೆ ಬಿಸಿಯಾಗುತ್ತದೆ, ನೀಲಿಯದು ಕರಗಿದರೆ ತುಸು ತಂಪಾಗುತ್ತದೆ, ಕರಾವಳಿಯ ತೇವದಲ್ಲಿ ಅರೆನೀಲಿಗೆ ತಿರುಗಿದ್ದು ಎರಡರ ನಡುವೆ ಎಲ್ಲೋ ನಿಲ್ಲುತ್ತದೆ.

ಹತ್ತನೆಯ ತರಗತಿಯ ಸುಟ್ಟಸುಣ್ಣದ ಪ್ರಯೋಗದಲ್ಲಿ ಬಿಸಿಯೇ ಬರಲಿಲ್ಲವೆಂದರೆ ಸುಣ್ಣ ಗಾಳಿಯಲ್ಲಿದ್ದು ಆಗಲೇ ಅರಳಿಹೋಗಿದೆ. ಎಲೆ ಅಡಿಕೆಗೆ ಹಚ್ಚುವ ಸುಣ್ಣ ಮೊದಲೇ ಅರಳಿಸಿದ್ದು, ಅದರಿಂದ ಏನೂ ಕಾಣಸಿಗದು. ಹೊಸ ಸುಟ್ಟಸುಣ್ಣವಾದರೆ ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು, ಮುಖ ದೂರವಿರಬೇಕು.

ಉಷ್ಣವನ್ನು ಹೀರಿಕೊಳ್ಳುವ, ಅಂದರೆ ಅಂತರುಷ್ಣಕ ಕ್ರಿಯೆಗಳಲ್ಲಿ ದೋಷದ ದಿಕ್ಕು ತಿರುಗುತ್ತದೆ, ಕೊಠಡಿಯ ಬಿಸಿಯೇ ಇಲ್ಲಿ ಕಳ್ಳ. 100 ಮಿಲಿಲೀಟರ್ ನೀರಿಗೆ 10 ಗ್ರಾಂ ನವಸಾಗರ (ಅಮೋನಿಯಂ ಕ್ಲೋರೈಡ್) ಹಾಕಿದರೆ ತಾಪ ಸುಮಾರು 6 ಡಿಗ್ರಿ ಇಳಿಯಬೇಕು. ಗಡ್ಡೆಕಟ್ಟಿದ ನವಸಾಗರ ನಿಧಾನವಾಗಿ ಕರಗುತ್ತಿದ್ದರೆ ಅಷ್ಟರಲ್ಲಿ ಹೊರಗಿನ ಉಷ್ಣ ಒಳಬಂದು ಇಳಿತವನ್ನು ಮುಚ್ಚಿಹಾಕುತ್ತದೆ. ಪುಡಿ ಮಾಡಿ ಹಾಕಿದರೆ ಸರಿಹೋಗುತ್ತದೆ. ವಿನೆಗರಿಗೆ ಅಡುಗೆ ಸೋಡಾ ಹಾಕಿದಾಗ ನೊರೆ ಉಕ್ಕಿದ್ದನ್ನು ನೋಡಿ ಬಿಸಿಯಾಗಬೇಕಿತ್ತು ಎಂದು ಮಕ್ಕಳು ತಾಪ ಇಳಿದ ರೀಡಿಂಗನ್ನು ಹೊಡೆದುಹಾಕುವುದುಂಟು. ಆ ಕ್ರಿಯೆ ಅಂತರುಷ್ಣಕ. ಇಳಿದ ರೀಡಿಂಗೇ ಸರಿ.

ಲೆಕ್ಕದ ಪುಟ

ಉತ್ತರ 28ರ ಆಸುಪಾಸು ಬಂದ ಗುಂಪಿನ ಪುಸ್ತಕ ತೆರೆದರೆ ರಾಶಿಯ ಜಾಗದಲ್ಲಿ 50 ಇರುತ್ತದೆ; ಬಿಸಿಯಾದದ್ದು ಎರಡೂ ದ್ರಾವಣಗಳು, ಹಾಗಾಗಿ ಅಲ್ಲಿ 100 ಇರಬೇಕು. ಉತ್ತರ ಸಾವಿರಗಳಲ್ಲಿದ್ದರೆ 6.8 ಡಿಗ್ರಿಯ ವ್ಯತ್ಯಾಸಕ್ಕೆ 273 ಕೂಡಿಸಿ 279.8 ಕೆಲ್ವಿನ್ ಎಂದು ಬರೆದಿರುತ್ತಾರೆ. ವ್ಯತ್ಯಾಸ ಎರಡೂ ಮಾನಗಳಲ್ಲಿ ಒಂದೇ, ಕೂಡಿಸುವಂತಿಲ್ಲ. ಅಸಿಟಿಕ್ ಆಮ್ಲ ಬಳಸಿದ ಗುಂಪಿಗೆ ತುಸು ಕಡಿಮೆ ಬಂದರೆ ಅದು ದೋಷವೇ ಅಲ್ಲ, ದುರ್ಬಲ ಆಮ್ಲದ ಸ್ವಭಾವ.

ಕೊನೆಯದಾಗಿ, ಉತ್ತರ ಸರಿಯಾಗಿ 57.1 ಎಂದೇ ಬಂದಿದ್ದರೆ ಅದನ್ನೂ ಪರಿಶೀಲಿಸಬೇಕು. ಒಂದು ಡಿಗ್ರಿಯ ಗೆರೆಗಳಿರುವ ಥರ್ಮಾಮೀಟರನ್ನು ಅರ್ಧ ಡಿಗ್ರಿಯವರೆಗೆ ಅಂದಾಜಿಸಬಹುದು. ಆಗ ಏರಿಕೆ 6.5 ಆದರೆ ಉತ್ತರ 54.3, 7.0 ಆದರೆ 58.5. ಎರಡೂ ದ್ರಾವಣಗಳ ಆರಂಭದ ತಾಪ ಒಂದೇ ಇದ್ದು, ಪಾತ್ರೆಯ ಪಾಲನ್ನು ಸೇರಿಸದ ಲೆಕ್ಕದಲ್ಲಿ ಈ ಎರಡರ ನಡುವಿನ ಸಂಖ್ಯೆ ಆ ಥರ್ಮಾಮೀಟರಿನಿಂದ ಹುಟ್ಟಲಾರದು. ಅಂಥ ಗುಂಪಿನಿಂದ ಉತ್ತರ ಪುಸ್ತಕದ ಬದಲು ಅರ್ಧ ನಿಮಿಷಕ್ಕೊಮ್ಮೆ ಬರೆದ ಕಚ್ಚಾ ಪಟ್ಟಿಯನ್ನು ಕೇಳಿ ಪಡೆಯಬೇಕು, 54.3 ಬರೆದವರಿಗೆ ಪೂರ್ತಿ ಅಂಕ ಕೊಡಬೇಕು.